ಒಂದೂವರೆ ಬಿಸ್ಕತ್ತಿನ ಕಾನೂನು

ನಮ್ಮನೆ ಡ್ಯಾಶ್‌ಹಂಡ್ ನಾಯಿಯ ಹೆಸರು ಮಿಂಚು. ಹೆಸರಿಟ್ಟಾಗ ಹಾಗೇ ಇದ್ದಳು. ಆಮೇಲೆ ಮಿಂಚು ಹೋಗಿ ಬರೀ ಗುಡುಗು ಉಳಿಯಿತು, ಅದೂ ಗೊರಕೆಯಲ್ಲಿ. ಕಾಲು ಮೊದಲೇ ಗಿಡ್ಡ. ಹೊಟ್ಟೆ ಇಳಿದು, ನೆಲ ಒರೆಸಿಕೊಂಡೇ ಓಡಾಡತೊಡಗಿದಳು. "ಎಷ್ಟು ಮುದ್ದಾಗಿದೆ" ಅನ್ನುತ್ತಿದ್ದವರು "ಈಗ ಎಷ್ಟು ದಿನ ತುಂಬಿದೆ?" ಅಂತ ವಿಚಾರಿಸತೊಡಗಿದರು. ಆಪರೇಷನ್ ಆಗಿರೋ ನಾಯಿಗೆ!

ಡಾಕ್ಟರು ತೂಕ ನೋಡಿದರು. 12 ಕಿಲೋ. ಇರಬೇಕಾದ್ದು 9. "ಇದರ ಸೊಂಟ ಎಲ್ಲಿದೆ, ತೋರಿಸಿ ನೋಡೋಣ" ಅಂದರು. ನಾನೂ ಯಜಮಾನರೂ ಮೇಲಿಂದ ಹುಡುಕಿದೆವು, ಪಕ್ಕದಿಂದ ಹುಡುಕಿದೆವು. ಸಿಗಲಿಲ್ಲ. ಆಮೇಲೆ ಪಕ್ಕೆಲುಬಿನ ಪರೀಕ್ಷೆ. ಮುಷ್ಟಿ ಕಟ್ಟಿ ನಿಮ್ಮ ಗೆಣ್ಣುಗಳ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಕೈಗೆ ಸಿಕ್ಕರೆ ತೀರಾ ಸಣಕಲು. ಕೈ ಚಾಚಿ ಹಿಂಗೈ ಸವರಿದ ಹಾಗಿದ್ದರೆ ಸರಿ. ಅಂಗೈ ಸವರಿದ ಹಾಗಿದ್ದರೆ ದಪ್ಪ. ಮಿಂಚು ಅಂಗೈ ದಾಟಿ ದಿಂಬಿನ ಕಡೆ ಹೊರಟಿದ್ದಳು.

ಇಲ್ಲೀವರೆಗೆ ನಗುತ್ತಿದ್ದೆವು. ಈ ಜಾತಿಗೆ ಬೆನ್ನು ಉದ್ದ, ಡಿಸ್ಕ್ ಜಾರುವ ತೊಂದರೆ ಮೊದಲೇ ಜಾಸ್ತಿ, ಅದರ ಮೇಲೆ ಈ ಭಾರ ಬೇರೆ ಅಂದಾಗ ಇಬ್ಬರೂ ಸುಮ್ಮನಾದೆವು. ದಿನಕ್ಕೆ ಸುಮಾರು 360 ಕ್ಯಾಲೊರಿ ಅಂತ ಬರೆದುಕೊಟ್ಟರು. ಬಾಯಾಡಿಸೋ ತಿಂಡಿ ಅದರಲ್ಲಿ ಹತ್ತರಲ್ಲಿ ಒಂದು ಪಾಲು ಮೀರಬಾರದು. ಗ್ಲೂಕೋಸ್ ಬಿಸ್ಕತ್ತಿನ ಲೆಕ್ಕದಲ್ಲಿ ಹೆಚ್ಚೆಂದರೆ ಒಂದೂವರೆ.

ಮನೆಗೆ ಬಂದು ಅತ್ತೆಗೆ ಹೇಳಿದೆ.

"ಮಿಕ್ಕ ಅರ್ಧ ಯಾರು ತಿನ್ನಬೇಕು?" ಅಂದರು.

ಅತ್ತೆ ಕಾನೂನು ಮುರಿಯುವವರಲ್ಲ. ಕಾನೂನಿನಲ್ಲಿ ಸಂದು ಹುಡುಕುವವರು. ಬಿಸ್ಕತ್ತು ಬೇಡ ಅಂದರೆ ರಸ್ಕ್ ಕೊಟ್ಟರು. ರಸ್ಕ್ ಬಿಸ್ಕತ್ತಲ್ಲವಲ್ಲ? ದೋಸೆ ಕೊಡಬೇಡಿ ಅಂದೆ. "ದೋಸೆ ಎಲ್ಲಿ ಕೊಟ್ಟೆ? ಅಂಚು ಕೊಟ್ಟೆ" ಅಂದರು. ನಾಯಿಗೆ ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ಕೆಟ್ಟದ್ದು, ದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಹಬ್ಬದ ದಿನ ಅಡುಗೆಮನೆಗೆ ಹೋದರೆ ಅತ್ತೆ ಪಾಯಸದ ಬಟ್ಟಲು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ದ್ರಾಕ್ಷಿ ಹೆಕ್ಕುತ್ತಿದ್ದಾರೆ. ಮಿಂಚು ಎದುರಿಗೆ ಪೂಜೆಗೆ ಕೂತವಳ ಹಾಗೆ ಕೂತಿದ್ದಾಳೆ. "ನೀನು ಬರೆದಿದ್ದನ್ನ ಓದಿಯೇ ಮಾಡ್ತಿದ್ದೀನಿ ಕಣಮ್ಮ" ಅಂದರು. ಬಟ್ಟಲು ಕಿತ್ತುಕೊಂಡೆ. ಸಂಜೆವರೆಗೆ ಇಬ್ಬರೂ ನನ್ನ ಜೊತೆ ಮಾತಾಡಲಿಲ್ಲ.

ಮಿಂಚುವಿಗೂ ಇದೇ ಬುದ್ಧಿ. ತೂಗಿದ ನಾಯಿ ಊಟದ ಜೊತೆಗೆ, ಹೊಟ್ಟೆ ತುಂಬಲಿ ಅಂತ ಬೇಯಿಸಿದ ಬೀನ್ಸ್ ಬೆರೆಸಿ ಇಟ್ಟೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಒಂದೊಂದು ತುಂಡನ್ನೂ ಬಾಯಲ್ಲಿಟ್ಟು, ಅಂಟಿದ ರುಚಿಯನ್ನೆಲ್ಲ ಚೀಪಿ, ಬಟ್ಟಲಿನ ಆಚೆ ಸಾಲಾಗಿ ಉಗುಳಿದಳು. ಬೀನ್ಸ್ ತೊಳೆದಿಟ್ಟಷ್ಟು ಚೊಕ್ಕ. ಕತ್ತಲಲ್ಲಿ ನೀರು ಕುಡಿಯೋಕೆ ಎದ್ದ ಯಜಮಾನರು ಅದರ ಮೇಲೆ ಕಾಲಿಟ್ಟು ಜಾರಿದರು. ಸೋರೆಕಾಯಿ, ಸೌತೆಕಾಯಿಗೂ ಅದೇ ಗತಿ. ಕ್ಯಾರೆಟ್ ಮಾತ್ರ ಒಪ್ಪಿದಳು. ಕಟುಂ ಅನ್ನುತ್ತಲ್ಲ, ಅವಳ ಮಟ್ಟಿಗೆ ಅದು ರಸ್ಕ್.

ಇಷ್ಟಾದರೂ ತೂಕ ಇಳಿಯಲಿಲ್ಲ. ಬೆಳಿಗ್ಗೆ ವಾಕಿಂಗ್ ಶುರುವಾದ ಮೇಲಂತೂ ಇನ್ನಷ್ಟು ಏರಿತು. ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಯಜಮಾನರು ಊರಲ್ಲಿಲ್ಲದ ದಿನ ನಾನೇ ಕರೆದುಕೊಂಡು ಹೊರಟೆ. ಪಾರ್ಕಿನ ಕಡೆ ತಿರುಗಿದರೆ ಇವಳು ನನ್ನನ್ನೇ ದರದರ ಎಳೆದುಕೊಂಡು ಹೋಗಿ ಮೂಲೆಯ ಟೀ ಅಂಗಡಿ ಮುಂದೆ ಕೂತಳು.

"ಮಿಂಚು ಬಂದ್ಲಾ! ಮೇಡಂ, ಇವತ್ತು ಬೆಣ್ಣೆ ಹಚ್ಚಲಾ, ಬರೀ ಬನ್ ಸಾಕಾ?"

"ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಿದೆ.

"ಸಾರ್ ಖಾತೆ ಇದೆಯಲ್ಲ ಮೇಡಂ!"

ಖಾತೆ ಪುಸ್ತಕ ತೋರಿಸಿದರು. ಯಜಮಾನರ ಹೆಸರಿನ ಪಕ್ಕ ಟೀ ಒಂದು, ಬನ್ ಎರಡು. ಮಾರನೆಯ ದಿನವೂ ಅದೇ. ಎರಡನೇ ಬನ್ ಯಾರದ್ದು ಅಂತ ಊರಿಂದ ಬಂದವರನ್ನು ಕೇಳಿದೆ. "ಒಂದು ನನ್ನದೇ" ಅಂದರು. ಅವರಿಗೂ ಡಾಕ್ಟರು ಬನ್ ಬಿಡಿಸಿದ್ದಾರೆ ಅನ್ನೋದು ಬೇರೆ ಮಾತು.

ಕಡೆಗೆ ಅಧಿಕಾರವನ್ನೇ ಅತ್ತೆಗೆ ಒಪ್ಪಿಸಿಬಿಟ್ಟೆ. ಅಡುಗೆಮನೆ ತಕ್ಕಡಿ ಅವರಿಗೇ ಕೊಟ್ಟೆ. ಬೆಳಿಗ್ಗೆ ದಿನದ ಪಾಲನ್ನು ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕೋದು. ಯಾರು ಏನು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಅಂಗಡಿ ಬಂದ್. ಈ ಉಪಾಯವೂ ಡಾಕ್ಟರದ್ದೇ.

ಅತ್ತೆಯ ಕೈಗೆ ಡಬ್ಬಿ ಬಂದಿದ್ದೇ ಮನೆಯ ಹವಾ ಬದಲಾಯಿತು. ಮಗ ಒಂದು ಕಾಳು ಹೆಚ್ಚಿಗೆ ಕೊಟ್ಟರೂ "ಅದರ ಬೆನ್ನು ಮುರೀಬೇಕು ಅಂತಿದ್ದೀಯೇನೋ?" ಅಂತ ಗದರುತ್ತಾರೆ. ಟೀ ಅಂಗಡಿಗೆ ತಾವೇ ಹೋಗಿ ಖಾತೆ ಮುಚ್ಚಿಸಿ ಬಂದರು. ಪಾಪ, ಯಜಮಾನರ ಬನ್ನೂ ಅದರ ಜೊತೆಗೇ ಹೋಯಿತು.

ಹೀಗೆ ಇಳಿಸುವಾಗ ಅವಸರ ಮಾಡಬಾರದಂತೆ. ವಾರಕ್ಕೆ ಮೈತೂಕದ ಶೇಕಡ 1ರಿಂದ 2 ಸಾಕು. ನಮ್ಮವಳ ಲೆಕ್ಕಕ್ಕೆ ಹೆಚ್ಚೆಂದರೆ 240 ಗ್ರಾಂ. ನಿಧಾನವಾಗಿಯೇ ಇಳಿಯುತ್ತಿದ್ದಾಳೆ. ಮುಂದಿನ ಸಲ ಬರುವಾಗ 11 ಕಿಲೋ ಒಳಗಿರಬೇಕು ಅಂತ ಡಾಕ್ಟರು ಹೇಳಿದ್ದಾರೆ. ನಿನ್ನೆ ರಾತ್ರಿ ಅತ್ತೆ ಮಿಂಚುವಿನ ಕೊರಳಪಟ್ಟಿ ಬಿಚ್ಚಿ, ಗೆಜ್ಜೆ ಸಮೇತ ಅಡುಗೆಮನೆ ತಕ್ಕಡಿಯ ಮೇಲಿಟ್ಟು ನೋಡುತ್ತಿದ್ದರು.

"85 ಗ್ರಾಂ ಇದೆ. ಆಸ್ಪತ್ರೇಲಿ ಇದನ್ನ ಬಿಚ್ಚಿ ತೂಗಬಾರದು ಅಂತ ಏನಾದ್ರೂ ರೂಲ್ಸ್ ಇದೆಯೇನೇ?"