ಬಗ್ ಸಾಹೇಬರೇ, ನೀವಿನ್ನೂ ಬದುಕಿದೀರಾ?

ನವೆಂಬರ್ ಬಂತು ಅಂದ್ರೆ ಪೆನ್ಷನ್ ತಗೊಳ್ಳೋ ಹಿರಿಯರೆಲ್ಲ ಬ್ಯಾಂಕಿಗೆ ಹೋಗಿ ನಾನಿನ್ನೂ ಬದುಕಿದೀನಿ ಸ್ವಾಮಿ ಅಂತ ಪ್ರಮಾಣಪತ್ರ ಕೊಟ್ಟು ಬರಬೇಕಲ್ಲ, ಅದು ವರ್ಷಕ್ಕೊಂದ್ಸಲ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿರೋ, ಅಂದ್ರೆ ಕೋಡ್‌ನ ಎಲ್ಲರಿಗೂ ಬಿಚ್ಚಿಟ್ಟಿರೋ ಸಾಫ್ಟ್‌ವೇರ್‌ಗಳಲ್ಲಿರೋ, ಬಗ್‌ಗಳ (ದೋಷಗಳ) ಪಾಡು ಇದಕ್ಕಿಂತ ಕಷ್ಟ, ಅವು ಎರಡು ತಿಂಗಳಿಗೊಂದ್ಸಲ ಕೊಡಬೇಕು. ಕೊಡದೆ ಇದ್ರೆ ಸತ್ತಿದೆ ಅಂತ ಲೆಕ್ಕ.

ಇದನ್ನ ನೋಡ್ಕೊಳ್ಳೋಕೆ ಸ್ಟೇಲ್ ಬಾಟ್ ಅಂತ ಒಬ್ಬ ಗುಮಾಸ್ತ ಇದಾನೆ, ಮನುಷ್ಯ ಅಲ್ಲ, ತಾನಾಗೇ ಓಡೋ ಪ್ರೋಗ್ರಾಂ. ಕೋಡ್ ಇಟ್ಟು ಹಂಚ್ಕೊಳ್ಳೋ ಗಿಟ್‌ಹಬ್ ಅನ್ನೋ ತಾಣದಲ್ಲಿ ಸಾವಿರಾರು ಇಶ್ಯೂ, ಅಂದ್ರೆ ದೂರು-ಕೋರಿಕೆ, ಬಾಕಿ ಇರೋ ಪ್ರಾಜೆಕ್ಟ್‌ನೋರು ಇವನನ್ನ ಕೆಲಸಕ್ಕೆ ಇಟ್ಕೊಳ್ತಾರೆ, ಸಂಬಳ ಇಲ್ಲ, ರಜೆ ಇಲ್ಲ, ಕರುಣೆಯಂತೂ ಮೊದಲೇ ಇಲ್ಲ. ಸೆಟ್ಟಿಂಗ್ ಏನೂ ಮುಟ್ಟದೆ ಹಾಗೇ ಬಿಟ್ರೆ ಇವನ ಲೆಕ್ಕ ತುಂಬಾ ಸರಳ: 60 ದಿನ ಒಂದು ದೂರಿನ ಮೇಲೆ ಯಾರೂ ಮಾತಾಡಿಲ್ವಾ, ಹಳಸಿದೆ ಅಂತ ಚೀಟಿ ಅಂಟಿಸ್ತಾನೆ, ಇನ್ನೂ 7 ದಿನ ಯಾರೂ ಉಸಿರೆತ್ತಿಲ್ವಾ, ಕ್ಲೋಸ್. ಚೀಟಿ ಜೊತೆಗೆ ಒಂದು ಮೆಸೇಜು ಬೇರೆ, ಇತ್ತೀಚೆಗೆ ಇಲ್ಲಿ ಚಟುವಟಿಕೆ ಕಾಣಿಸ್ತಿಲ್ಲ, ಹೀಗೇ ಇದ್ರೆ ಮುಚ್ಚಲಾಗುವುದು, ನಿಮ್ಮ ಕೊಡುಗೆಗೆ ಧನ್ಯವಾದ.

ಈ ಧನ್ಯವಾದ ಯಾರಿಗೆ ಹೋಗುತ್ತೆ ನೋಡಿ. ಆ ಮನುಷ್ಯ ಒಂದು ಭಾನುವಾರ ಪೂರ್ತಿ ಕೂತ್ಕೊಂಡು ಯಾವ ವರ್ಷನ್ನು, ಯಾವ ಆಪರೇಟಿಂಗ್ ಸಿಸ್ಟಮ್ಮು, ಎಲ್ಲೆಲ್ಲಿ ಕ್ಲಿಕ್ ಮಾಡಿದ್ರೆ ಎಡವಟ್ಟಾಗುತ್ತೆ ಅಂತ ಒಂದೊಂದೇ ಹೆಜ್ಜೆ ಬರೆದು, ಲಾಗ್ ಹಾಕಿ, ಸ್ಕ್ರೀನ್‌ಶಾಟ್ ಹಾಕಿ, ದಯವಿಟ್ಟು ನೋಡಿ ಅಂತ ಕೈಮುಗಿದಿದಾನೆ. ಆಮೇಲೆ ಎರಡು ತಿಂಗಳು ಆ ಕಡೆಯಿಂದ ಒಂದು ಹೂಂ ಇಲ್ಲ, ಉಹೂಂ ಇಲ್ಲ. ಚಟುವಟಿಕೆ ಇಲ್ಲದೆ ಇದ್ದಿದ್ದು ಯಾರ ಕಡೆ? ನೋಟಿಸ್ ಬಂದಿದ್ದು ಯಾರಿಗೆ? ದೂರು ಕೊಟ್ಟೋನಿಗೇ ಶೋಕಾಸ್! ಬಗ್ಗು ಮಾತ್ರ ಕೋಡ್‌ನಲ್ಲಿ ಮೊದಲಿದ್ದ ಸಾಲಲ್ಲೇ ಹಾಯಾಗಿ ಮಲಗಿದೆ, ಅದಕ್ಕೆ ನೋಟಿಸ್ ಓದೋಕೆ ಬರಲ್ಲ.

ಇನ್ನು ಸರ್ವರ್‌ಗಳ ಮೇಲೆ ಆ್ಯಪ್ ಓಡಿಸೋ ಕುಬರ್ನೆಟೀಸ್‌ನೋರದ್ದು ದೊಡ್ಡ ಸಂಸ್ಥಾನ, ಅಲ್ಲಿ ಸಾವೂ ಹಂತ ಹಂತವಾಗೇ ಬರಬೇಕು. 90 ದಿನ ಯಾರೂ ಮುಟ್ಟಿಲ್ಲ ಅಂದ್ರೆ ಹಳಸಿದ್ದು, ಇನ್ನೊಂದು 30 ದಿನ ಕಳೆದ್ರೆ ಕೊಳೆತದ್ದು, ಹೌದು, ನಿಜವಾಗ್ಲೂ ಲೇಬಲ್ಲೇ ರಾಟನ್ ಅಂತ ಇದೆ, ನಾನು ಸೇರಿಸಿದ್ದಲ್ಲ, ಇನ್ನೂ 30 ದಿನ ಆದ್ರೆ ಮಣ್ಣು. ಒಟ್ಟು 150 ದಿನದ ಕರ್ಮ. ತಪ್ಪಿಸ್ಕೊಳ್ಳೋಕೆ ದಾರಿ ಇದೆ, ಕಾಮೆಂಟ್‌ನಲ್ಲಿ ಸ್ಲ್ಯಾಶ್ ಹಾಕಿ ರಿಮೂವ್ ಲೈಫ್‌ಸೈಕಲ್ ಸ್ಟೇಲ್ ಅಂತ ಮಂತ್ರ ಹೇಳಬೇಕು, ಅಕ್ಷರ ತಪ್ಪಿದ್ರೆ ಫಲ ಇಲ್ಲ. ತುಂಬಾ ಪುಣ್ಯ ಮಾಡಿರೋ ಇಶ್ಯೂಗಳಿಗೆ ಫ್ರೋಜನ್ ಅಂತ ಇನ್ನೊಂದು ಲೇಬಲ್ ಸಿಗುತ್ತೆ, ಅವಕ್ಕೆ ಸಾವಿಲ್ಲ. ಯಾರಾದ್ರೂ ಸರಿ ಮಾಡ್ತಾರೆ ಅಂತೇನಲ್ಲ, ಸಾವಿಲ್ಲ ಅಷ್ಟೇ.

ವಿಎಸ್ ಕೋಡ್ ಎಡಿಟರ್‌ದು ಪ್ರಜಾಪ್ರಭುತ್ವದ ಮಾದರಿ. ಹೊಸ ಫೀಚರ್ ಕೇಳಿದ್ರಾ, 60 ದಿನದೊಳಗೆ 20 ಜನ ಹೆಬ್ಬೆರಳು ಎತ್ತಬೇಕು, ಎತ್ತಿದ್ರೆ ಬ್ಯಾಕ್‌ಲಾಗ್ (ಮುಂದೆ ಮಾಡೋ ಕೆಲಸಗಳ ಪಟ್ಟಿ) ಅನ್ನೋ ಸ್ವರ್ಗಕ್ಕೆ ಪ್ರವೇಶ, ಇಲ್ಲಾಂದ್ರೆ ಡೆಪಾಸಿಟ್ ಗೋತಾ. ಸಾವಿರಗಟ್ಲೆ ಕೋರಿಕೆ ಬರೋ ಜಾಗ, ಏನೋ ಒಂದು ಜರಡಿ ಬೇಕು, ಒಪ್ಪೋಣ, ನಿಯಮಾನ ಮೊದಲೇ ಹೇಳ್ತಾರೆ ಅನ್ನೋದನ್ನೂ ಒಪ್ಪೋಣ. ಆದ್ರೆ ಟರ್ಮಿನಲ್‌ನಲ್ಲಿ, ಅಂದ್ರೆ ಆದೇಶ ಟೈಪ್ ಮಾಡೋ ಕಿಟಕಿಯಲ್ಲಿ, ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಅಂತ ಅಳೆದು ಇಟ್ಟಿರೋ ಕಡೆ ನಮ್ಮ ಒತ್ತಕ್ಷರ ಹೋಗಿ ಕೂತ್ರೆ ಕಾಲೆಲ್ಲೋ ಕೈಯೆಲ್ಲೋ ಆಗುತ್ತಲ್ಲ, ಅಂಥದ್ದಕ್ಕೆ ಪರಿಹಾರ ಕೇಳೋ ಕನ್ನಡದೋನು ಎರಡೇ ತಿಂಗಳಲ್ಲಿ ಇಪ್ಪತ್ತು ಜನಾನ ಎಲ್ಲಿಂದ ಕರ್ಕೊಂಡು ಬರ್ತಾನೆ? ಅಕ್ಕ, ಭಾವ, ಆಫೀಸಿನ ಕ್ಯಾಬ್ ಡ್ರೈವರ್ ಎಲ್ಲರಿಗೂ ಗಿಟ್‌ಹಬ್ ಅಕೌಂಟ್ ಮಾಡಿಸಬೇಕಷ್ಟೇ.

ನನಗೆ ಅತ್ಯಂತ ಇಷ್ಟವಾಗೋದು ಡೂಪ್ಲಿಕೇಟ್ ಪ್ರದಕ್ಷಿಣೆ. ನೀವೊಂದು ಬಗ್ ಹಾಕ್ತೀರಿ, ಇದು ಈಗಾಗ್ಲೇ ಇದೆ ನೋಡಿ ಅಂತ ಹಳೇದಕ್ಕೆ ಲಿಂಕ್ ಕೊಟ್ಟು ನಿಮ್ಮದನ್ನ ಮುಚ್ತಾರೆ, ಆ ಹಳೇದಕ್ಕೆ ಹೋದ್ರೆ ಅದನ್ನ ಬಾಟ್ ಹಳಸಿದೆ ಅಂತ ಮುಚ್ಚಿದಾನೆ, ಸರಿ ಅಲ್ಲೇ ಒಂದು ಮಾತು ಬರೆಯೋಣ ಅಂದ್ರೆ ಬೀಗ. ವೆಬ್ ಆ್ಯಪ್ ಕಟ್ಟೋಕೆ ಬಳಸೋ ಆಂಗ್ಯುಲರ್‌ನಲ್ಲಿ ಮುಚ್ಚಿದ ಇಶ್ಯೂ 30 ದಿನ ಸದ್ದಿಲ್ಲದೆ ಇದ್ರೆ ಇನ್ನೊಬ್ಬ ಬಾಟ್ ಬಂದು ಬೀಗ ಹಾಕ್ತಾನೆ, ಇದೇ ಥರದ ತೊಂದರೆ ಇದ್ರೆ ಹೊಸ ಇಶ್ಯೂ ಹಾಕಿ ಅಂತ ಬೋರ್ಡ್ ನೇತುಹಾಕಿ. ಹೊಸದು ಹಾಕಿದ್ರೆ? ಇದು ಈಗಾಗ್ಲೇ ಇದೆ ನೋಡಿ. ಇಷ್ಟೆಲ್ಲಾ ಸುತ್ತಿ ಬರೋ ಹೊತ್ತಿಗೆ ನಿಮಗೇ ಆ ಬಗ್ ಅಭ್ಯಾಸ ಆಗಿರುತ್ತೆ, ಅದಿಲ್ಲದೆ ಇದ್ರೆ ಕೆಲಸ ಓಡಲ್ಲ.

ಹಳೇ ಇಶ್ಯೂ ಅಂದ್ರೆ ಕಸ ಅನ್ನೋ ಈ ನಂಬಿಕೆ ಎಲ್ಲಿಂದ ಬಂತೋ. ಫೈಲ್ ಆರಿಸೋ ಕಿಟಕಿಯಲ್ಲಿ ಫೋಟೋಗಳ ಪುಟ್ಟ ಚಿತ್ರ ಸಾಲಾಗಿ ತೋರಿಸ್ರಪ್ಪಾ ಅಂತ ಲಿನಕ್ಸ್ ಡೆಸ್ಕ್‌ಟಾಪ್ ಮಾಡೋ ಗ್ನೋಮ್‌ನೋರ ಜಿಟಿಕೆ ಅನ್ನೋ ಕಿಟಕಿ-ಬಟನ್ ಲೈಬ್ರರಿಗೆ 2004ರಲ್ಲಿ ಒಬ್ಬರು ಕೇಳಿದ್ರು. ಜನ ಬೈದ್ರು, ಗೋಳಾಡಿದ್ರು, ಮೀಮ್ ಮಾಡಿದ್ರು, ಗ್ನೋಮ್ ಬಗ್‌ಜಿಲ್ಲಾ ಅನ್ನೋ ಹಳೇ ದೂರು ಪುಸ್ತಕ ಬಿಟ್ಟು ಗಿಟ್‌ಲ್ಯಾಬ್‌ಗೆ ಮನೆ ಬದಲಾಯಿಸ್ತು, ಕೊನೆಗೆ 2022ರ ಕೊನೆಯಲ್ಲಿ ಕೋಡ್ ಸೇರ್ತು. ಹದಿನೆಂಟು ವರ್ಷ, ಬೇಡಿಕೆಗೇ ವೋಟ್ ಹಾಕೋ ವಯಸ್ಸು! ಫೈರ್‌ಫಾಕ್ಸ್‌ನಲ್ಲಿ ಬೇರೆ ಕಿಟಕಿಗೆ ಹೋದ್ರೂ ಟೂಲ್‌ಟಿಪ್ಪು (ಮೌಸ್ ಇಟ್ರೆ ಬರೋ ಪುಟ್ಟ ವಿವರಣೆ) ಅಲ್ಲೇ ಅಂಟ್ಕೊಂಡು ಮೇಲೇ ಕೂತಿರುತ್ತೆ ಅಂತ 2002ರಲ್ಲಿ ಹಾಕಿದ ದೂರು 2023ರಲ್ಲಿ ಸರಿಹೋಯ್ತು. ಇವಕ್ಕೆ 60 ದಿನದ ಗುಮಾಸ್ತ ಇದ್ದಿದ್ರೆ 2002ರಲ್ಲೊಂದು, 2004ರಲ್ಲೊಂದು ಹೊಗೆ ಹಾಕಿಸ್ಕೊಂಡಿರೋವು, ಪಟ್ಟಿ ಫಳಫಳ ಅಂತಿರೋದು, ಟೂಲ್‌ಟಿಪ್ಪು ಮಾತ್ರ ಇವತ್ತಿಗೂ ಕೂತಿರೋದು.

ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್‌ನೋರದ್ದು ಬೇರೆ ಸಂಪ್ರದಾಯ. ಫಾರಿನ್ ಕೀ ಕ್ಯಾಸ್ಕೇಡ್ ಆದಾಗ, ಅಂದ್ರೆ ಒಂದು ಟೇಬಲ್‌ನ ಬದಲಾವಣೆ ಅದಕ್ಕೆ ಜೋಡಿಸಿದ ಟೇಬಲ್‌ಗೂ ಹರಿದಾಗ, ಟ್ರಿಗರ್ ಅನ್ನೋ ತಾನಾಗೇ ನಡೀಬೇಕಾದ ಆದೇಶ ಓಡ್ತಿಲ್ಲ ಅಂತ 2005ರ ಜೂನ್‌ನಲ್ಲಿ ದಾಖಲಾದ ಬಗ್‌ಗೆ ಜನ ಹುಟ್ಟುಹಬ್ಬದ ಶುಭಾಶಯ ಹೇಳೋದು ರೂಢಿ ಆಗೋಯ್ತು. ಕೋಪಕ್ಕೂ ಒಂದು ಮಿತಿ ಇರುತ್ತೆ ಗುರೂ, ಆಮೇಲೆ ಅದು ವಾತ್ಸಲ್ಯ.

ಈಗ ಮೇಂಟೇನರ್‌ಗಳ, ಅಂದ್ರೆ ಪ್ರಾಜೆಕ್ಟ್ ನೋಡ್ಕೊಳ್ಳೋರ, ಪರವಾಗಿ ಒಂದು ಮಾತು ಹೇಳದೆ ಇದ್ರೆ ನನಗೆ ನಿದ್ದೆ ಬರಲ್ಲ. ಆ ಕಡೆ ಕೂತಿರೋನು ಎಷ್ಟೋ ಕಡೆ ಒಬ್ಬನೇ, ದುಡ್ಡಿಲ್ಲ, ರಾತ್ರಿ ಮಗು ಮಲಗಿದ್ಮೇಲೆ ಲ್ಯಾಪ್‌ಟಾಪ್ ತೆಗೆದ್ರೆ ಮೂವತ್ತು ನೋಟಿಫಿಕೇಶನ್ನು, ಅದರಲ್ಲಿ ಇಪ್ಪತ್ತು "ಏನಾಯ್ತು, ಅಪ್‌ಡೇಟ್ ಇದೆಯಾ" ಅನ್ನೋರು, ಐದು ಪ್ಲಸ್ ಒನ್ (ನಂದೂ ಅದೇ ಮಾತು) ಅನ್ನೋರು. ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿ ನೋಡ್ಕೊಳ್ತಿದ್ದ ಒಬ್ಬರ ಮೇಲೆ 2022ರಲ್ಲಿ ಯಾರ್ಯಾರೋ ಅಪರಿಚಿತರು ಪ್ಯಾಚ್ (ಕೋಡ್ ತಿದ್ದುಪಡಿ) ಬಾಕಿ ಇದೆ, ಪ್ರಾಜೆಕ್ಟ್ ಸತ್ತೋಗಿದೆ, ಬೇರೆಯೋರಿಗೆ ಕೊಡಿ ಅಂತ ಒತ್ತಡ ಹಾಕಿದ್ರು, ಆಗ ತುಂಬಾ ಸಹಾಯ ಮಾಡ್ತಿದ್ದ ಜಿಯಾ ಟಾನ್ ಅನ್ನೋ ಹೆಸರಿನೋರಿಗೆ ಜವಾಬ್ದಾರಿ ಸಿಕ್ತು, 2024ರ ಮಾರ್ಚ್‌ನಲ್ಲಿ ನೋಡಿದ್ರೆ ಅದೇ ಕೈ ಲೈಬ್ರರಿಯೊಳಗೆ ಕಳ್ಳ ಹಿಂಬಾಗಿಲು ಕೊರೆದಿತ್ತು. ಬಾಕಿ ಪಟ್ಟಿ ತೋರಿಸಿ ಅವಮಾನ ಮಾಡೋದು ಬರೀ ಕೆಟ್ಟ ಗುಣ ಅಲ್ಲ, ಬೀಗ ಒಡೆಯೋ ಸಾಧನವೂ ಹೌದು. ಹಾಗಾಗಿ ನಂಗಾಗಲ್ಲ ಅನ್ನೋ ಹಕ್ಕು ಅವರಿಗೆ ಪೂರ್ತಿ ಇದೆ.

ಆದ್ರೆ ನಂಗಾಗಲ್ಲ ಅಂತ ಬಾಯಲ್ಲಿ ಹೇಳ್ಬೇಕು. ಇಂಟರ್ನೆಟ್‌ನಲ್ಲಿ ಡೇಟಾ ಕಳಿಸೋಕೆ ತರೋಕೆ ಬಳಸೋ ಕರ್ಲ್‌ನೋರು ನೋಡಿ, ಬಗ್ ನಿಜ, ಆದ್ರೆ ಸದ್ಯಕ್ಕೆ ಯಾರೂ ಕೈ ಹಾಕಲ್ಲ ಅಂದ್ರೆ ಗೊತ್ತಿರೋ ಬಗ್‌ಗಳು ಅಂತ ಒಂದು ಕಡತಕ್ಕೆ ಬರೆದಿಟ್ಟು ಇಶ್ಯೂ ಮುಚ್ತಾರೆ, ಸತ್ತಿದೆ ಅಂತ ಸುಳ್ಳು ಹೇಳಲ್ಲ. ಪುಸ್ತಕದ ಪುಟ ಜೋಡಿಸೋ ಟೆಕ್ (TeX) ಅನ್ನೋ ಸಾಫ್ಟ್‌ವೇರ್ ಬರೆದ ಡೊನಾಲ್ಡ್ ಕನೂತ್ ಅವರಂತೂ ಬಗ್ ವರದಿ ನೋಡೋದೇ ಹಲವು ವರ್ಷಕ್ಕೊಂದ್ಸಲ, 2014ರಲ್ಲಿ ನೋಡಿದ್ರು, 2021ರಲ್ಲಿ ನೋಡಿದ್ರು, ಮುಂದಿನ ಸರದಿ 2029, ಆಗ ಅವರಿಗೆ 91 ವರ್ಷ. ತಾನು ಹೋದ್ಮೇಲೆ ಉಳಿದ ಬಗ್‌ಗಳೆಲ್ಲ ಶಾಶ್ವತವಾಗಿ ಫೀಚರ್ ಅಂತಾನೂ ಘೋಷಿಸಿದಾರೆ. ಇದಪ್ಪಾ ಗತ್ತು! ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದನೇ ನಂಬರ್ ಬಗ್ ಏನ್ ಗೊತ್ತಾ, ಪಿಸಿ ಮಾರುಕಟ್ಟೆ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ ಅನ್ನೋದು. 2004ರಲ್ಲಿ ಉಬುಂಟು ಶುರು ಮಾಡಿದ ಮಾರ್ಕ್ ಶಟಲ್‌ವರ್ತ್ ಹಾಕಿದ್ರು, 2013ರಲ್ಲಿ ಫೋನು ಟ್ಯಾಬ್ಲೆಟ್ಟೆಲ್ಲ ಬಂದು ಲೋಕ ಬದಲಾಗಿದೆ ಅಂತ ಕಾರಣ ಬರೆದು ಅವರೇ ಮುಚ್ಚಿದ್ರು. ಆ ಕಾರಣ ಒಪ್ಪೋದು ಬಿಡೋದು ನಿಮ್ಮಿಷ್ಟ, ಮುಚ್ಚಿದ್ದು ಮನುಷ್ಯ ಅನ್ನೋದಾದ್ರೂ ಗೊತ್ತಾಗುತ್ತೆ.

ಬಾಟ್‌ಗೆ ಈ ಮುಜುಗರ ಎಲ್ಲ ಇಲ್ಲ, ಅದಕ್ಕೇ ಅವನನ್ನ ಇಟ್ಕೊಳ್ಳೋದು. ಬೆಳಗ್ಗೆ ಎದ್ದು ನೋಡಿದ್ರೆ ನಾಲ್ಕು ಸಾವಿರ ಇದ್ದ ಇಶ್ಯೂ ನಾನೂರಕ್ಕೆ ಇಳಿದಿದೆ, ಒಂದು ಸಾಲು ಕೋಡ್ ಬದಲಾಗಿಲ್ಲ, ಪ್ರಾಜೆಕ್ಟ್ ಆರೋಗ್ಯ ಸುಧಾರಿಸಿದೆ ಅಂತ ಸ್ಲೈಡ್ ಮಾತ್ರ ರೆಡಿ. ಇದಕ್ಕೆ ಬಳಕೆದಾರರ ಕಡೆಯಿಂದ ಬಂದಿರೋ ಪ್ರತ್ಯುತ್ತರವೂ ಅಷ್ಟೇ ಚೆನ್ನಾಗಿದೆ, ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಇಟ್ಕೊಂಡು ಐವತ್ತೊಂಬತ್ತನೇ ದಿನ ಬಂದು ಇನ್ನೂ ಇದೆ ಅಂತ ಬರೆದು ಹೋಗೋದು. ಸ್ವಲ್ಪ ಬುದ್ಧಿ ಇದ್ದೋನು ಅದಕ್ಕೂ ಒಂದು ಸ್ಕ್ರಿಪ್ಟ್ ಬರೆದಿಡ್ಬಹುದು, ಆಗ ಒಂದು ಯಂತ್ರ ಸತ್ತಿದೀಯಾ ಅಂತ ಕೇಳುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ, ಮನುಷ್ಯರ ಕಾಟ ಇಲ್ಲದೆ ಹತ್ತು ವರ್ಷ ಸಂಸಾರ ಸಾಗುತ್ತೆ. ಇದರ ಮಧ್ಯೆ ಎಐ ಕೈಲಿ ಬರೆಸಿದ ಸುಳ್ಳು ಬಗ್ ವರದಿಗಳ ಮಳೆ ಬೇರೆ ಶುರುವಾಗಿದೆ, ಅದರ ಕಾಟಕ್ಕೆ ಅದೇ ಕರ್ಲ್‌ನೋರು ಭದ್ರತಾ ದೋಷ ಹುಡುಕಿದೋರಿಗೆ ಬಹುಮಾನ ಕೊಡೋದನ್ನೇ ನಿಲ್ಲಿಸಿಬಿಟ್ರು.

ಅಂದ ಹಾಗೆ ಈ ಪದ್ಧತೀನ ಊರೂರಿಗೆ ಹಬ್ಬಿಸಿದ ಪ್ರೋಬಾಟ್ ಸ್ಟೇಲ್ ಅನ್ನೋ ಮೊದಲ ಗುಮಾಸ್ತ ಇದ್ನಲ್ಲ, ಅವನ ರೆಪೊಸಿಟರಿಯನ್ನೇ, ಅಂದ್ರೆ ಕೋಡ್ ಇರೋ ಮನೆಯನ್ನೇ, ಆರ್ಕೈವ್ ಮಾಡಿದಾರೆ. ಓದಬಹುದು, ಕಾಮೆಂಟ್ ಹಾಕಿ ಇನ್ನೂ ಇದೆ ಅನ್ನೋ ಹಾಗಿಲ್ಲ. ಅವನ ಜಾಗಕ್ಕೆ ಗಿಟ್‌ಹಬ್‌ನೋರದ್ದೇ ಆಕ್ಷನ್ಸ್ ಸ್ಟೇಲ್ ಅನ್ನೋ ತಮ್ಮ ಬಂದಿದಾನೆ, ಅದೇ 60, ಅದೇ 7.