ವಾಪಸ್ ಹೋಗಲು ಸಿಗುವುದು 10 ದಿನ ಮಾತ್ರ

ವಿಂಡೋಸ್ 11 ಪ್ರಿವ್ಯೂ (ಬಿಡುಗಡೆಗೆ ಮೊದಲು ಪರೀಕ್ಷೆಗೆ ಕೊಡುವ ಆವೃತ್ತಿ) ಹಾಕಿಕೊಂಡು ಹಿಡಿಸದಿದ್ದರೆ ‘ಯಾವಾಗ ಬೇಕಾದರೂ’ ಹಳೆಯದಕ್ಕೆ ಮರಳಬಹುದು ಎಂದು ಅದರ ಬಗೆಗಿನ ಲೇಖನವೊಂದರಲ್ಲಿದೆ. ಇದು ತಪ್ಪು, ಇದನ್ನು ನಂಬಿದವರು ಪೇಚಿಗೆ ಸಿಲುಕುತ್ತಾರೆ. ಹಳೆಯ ವಿಂಡೋಸ್ ಉಳಿದಿರುವುದು ಸಿ ಡ್ರೈವಿನ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರಿನಲ್ಲಿ. 10 ದಿನ ಕಳೆದರೆ ಅದು ತಾನಾಗಿಯೇ ಅಳಿಸಿಹೋಗುತ್ತದೆ, ಸೆಟ್ಟಿಂಗ್ಸ್‌ನ ರಿಕವರಿಯಲ್ಲಿರುವ ‘ಗೋ ಬ್ಯಾಕ್’ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್‌ನಲ್ಲಿ ಹಳೆಯ ಇನ್‌ಸ್ಟಾಲೇಶನ್ ತೆಗೆದರೆ ಅಷ್ಟು ದಿನವೂ ಇಲ್ಲ. ಅಪ್‌ಗ್ರೇಡ್ ಮುಗಿದ ದಿನವೇ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸಮ್‌ (DISM, ವಿಂಡೋಸ್‌ನಲ್ಲೇ ಇರುವ ನಿರ್ವಹಣೆಯ ಸಾಧನ) ಕಮಾಂಡಿನಿಂದ ಈ ಗಡುವನ್ನು 60 ದಿನಕ್ಕೆ ಏರಿಸಿಕೊಳ್ಳಿ. ಪೆನ್‌ಡ್ರೈವಿನಿಂದ ಹಳೆಯ ಪಾರ್ಟಿಷನ್ (ಡಿಸ್ಕಿನ ವಿಭಾಗ) ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಕೊಂಡವರಿಗೆ ಈ ದಾರಿಯೇ ಇಲ್ಲ.

ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಅದನ್ನೇ ಕೇಳಿದರೆ, ಅದೇ ಕಂಪ್ಯೂಟರಿನಲ್ಲಿ ಉಳಿಸಿದ ಫೈಲ್ ತೆರೆಯಲಾಗದು.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಅಪ್‌ಗ್ರೇಡಿಗೆ ಕೈ ಹಾಕಬೇಡಿ. ಪರದೆಯಲ್ಲಿ ಶೇಕಡಾ ಏರುತ್ತಿರುವಾಗ ಕರೆಂಟ್ ಹೋದರೆ ಬೂಟ್ ಆಗದೆ ನಿಲ್ಲಬಹುದು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ, ಇಲ್ಲವಾದರೆ ಪ್ರಿವ್ಯೂವಿನ ಹೊಸ ಬಿಲ್ಡ್ (ಆವೃತ್ತಿ) ಬಂದಾಗಲೆಲ್ಲ ಜಿಬಿಗಟ್ಟಲೆ ಡೇಟಾ ಖಾಲಿ. ತೋಟದ ಲೆಕ್ಕ, ಜಿಎಸ್‌ಟಿ ಬಿಲ್ಲು ಇರುವ ಒಂದೇ ಕಂಪ್ಯೂಟರಿಗಂತೂ ಬೇಡವೇ ಬೇಡ, ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್ ಕೈಕೊಟ್ಟರೆ ರಿಟರ್ನ್ ಸಲ್ಲಿಕೆಯೇ ನಿಲ್ಲಬಹುದು. ನೋಡಲೇಬೇಕೆಂದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ಕೆಲಸ ಮಾಡುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ 7ರಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಕೊಟ್ಟು, ಟಿಪಿಎಂ 2.0 (ಭದ್ರತಾ ಚಿಪ್) ಆನ್ ಮಾಡಿ ಅಲ್ಲಿ ಹಾಕಿ.