ಹಳೇ ಶೀಟ್ ಒಡೆಯೋ ಮುಂಚೆ

ಮೊನ್ನೆ ಭಾನುವಾರ ನಮ್ಮ ಹಿಂದಿನ ಬೀದಿಯಲ್ಲಿ ಹಳೇ ಶೀಟ್ ಮನೆ ಕೆಡವುತ್ತಿದ್ದರು. ಇಬ್ಬರು ಹುಡುಗರು ಮೇಲೆ ನಿಂತು ಶೀಟುಗಳನ್ನು ಸುತ್ತಿಗೆಯಲ್ಲಿ ಒಡೆದು ಕೆಳಗೆ ಎಸೆಯುತ್ತಿದ್ದರು, ಕೆಳಗೆ ಒಬ್ಬ ಹೆಂಗಸು ಆ ಬೂದು ಧೂಳನ್ನೆಲ್ಲ ಒಣ ಪೊರಕೆಯಲ್ಲಿ ಗುಡಿಸುತ್ತಿದ್ದರು, ಪಕ್ಕದಲ್ಲೇ ಅವರ ಮಗು ಚೂರುಗಳನ್ನು ಜೋಡಿಸಿಕೊಂಡು ಆಡುತ್ತಿತ್ತು. ನೋಡಿಕೊಂಡು ಸುಮ್ನೆ ಬರೋಕೆ ನನಗೆ ಆಗಲಿಲ್ಲ.

ನಾವು ಸಿಮೆಂಟ್ ಶೀಟ್ ಅನ್ನುತ್ತೇವಲ್ಲ, ಅದರಲ್ಲಿ ಆಸ್‌ಬೆಸ್ಟಾಸ್ ಇರುವುದೇ ಹೆಚ್ಚು. ಕನ್ನಡದಲ್ಲಿ ಕಲ್ನಾರು. ಹೆಸರೇ ಎಲ್ಲ ಹೇಳುತ್ತದೆ: ಕಲ್ಲು, ಆದರೆ ನಾರಿನ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಸುಡುವುದಿಲ್ಲ, ಕೊಳೆಯುವುದಿಲ್ಲ, ಅಗ್ಗ. ಅದಕ್ಕೇ ಬಾಯ್ಲರ್‌ಗೆ ಸುತ್ತಿದರು, ಬ್ರೇಕ್ ಲೈನಿಂಗ್‌ಗೆ, ನೀರಿನ ಪೈಪಿಗೆ ಹಾಕಿದರು. ಬಡವರ ತಲೆ ಮೇಲೆ ಸೂರಾಗಿದ್ದೂ ಇದೇ. ಶೀಟ್ ಮನೆಯಲ್ಲಿ ಇರುವವರನ್ನು ಹೆದರಿಸೋದು ನನ್ನ ಉದ್ದೇಶ ಅಲ್ಲ. ಗಟ್ಟಿಯಾಗಿರುವ ಶೀಟಿನಿಂದ ಎಳೆ ಅಷ್ಟಾಗಿ ಏಳುವುದಿಲ್ಲ. ಕೊಯ್ದಾಗ, ತೂತು ಹೊಡೆದಾಗ, ಒಡೆದಾಗ ಅಪಾಯ ಜಾಸ್ತಿ.

ಆ ಎಳೆಗಳು ಕಣ್ಣಿಗೆ ಕಾಣುವುದಿಲ್ಲ. ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಕರಗುವುದೂ ಇಲ್ಲ. ಶ್ವಾಸಕೋಶ ಗಟ್ಟಿಯಾಗಿ ಉಸಿರಾಡೋದೇ ಕಷ್ಟವಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಪೊರೆಗೆ ಬರುವ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಎಲ್ಲ ಬರಬಹುದು, ಅದೂ 20, 30, 40 ವರ್ಷ ಬಿಟ್ಟು. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮಗೆ ವರ್ಷಗಟ್ಟಲೆ ಕಲ್ನಾರು ಮಾರಿದ ಕೆನಡಾ 2018ರಲ್ಲಿ ತನ್ನಲ್ಲೇ ಅದನ್ನು ನಿಷೇಧಿಸಿತು. ನಾವು ರಷ್ಯಾದಂಥ ದೇಶಗಳಿಂದ ಇನ್ನೂ ತರಿಸುತ್ತಿದ್ದೇವೆ.

1995ರಲ್ಲೇ ನಮ್ಮ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳಿಗೆ ಹೇಳಿತ್ತು, ಪ್ರತಿ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಅಂತ. ಕಾಯಿಲೆ ಅಷ್ಟು ತಡವಾಗಿ ಬರುತ್ತೆ ಅಲ್ವಾ, ಅದಕ್ಕೆ. ಆದರೆ ಸುತ್ತಿಗೆ ಹಿಡಿದಿದ್ದ ಆ ಹುಡುಗರು? ಇವತ್ತು ಇಲ್ಲಿ ಕೂಲಿ, ನಾಳೆ ಇನ್ನೆಲ್ಲೋ. 2055ರಲ್ಲಿ ಅವರಿಗೆ ಉಸಿರು ಕಟ್ಟಿದರೆ ಈ ಭಾನುವಾರದ ಧೂಳನ್ನು ಯಾರು ನೆನಪಿಡುತ್ತಾರೆ? ನನಗೆ ಹೊಟ್ಟೆ ಉರಿಯೋದು ಇದಕ್ಕೆ.

ಕೆಡವಿಸುತ್ತಿದ್ದ ಆ ಮನೆಯವರಿಗೆ ಹೇಳಿದೆ. ಒಳ್ಳೆಯವರು, ತಕ್ಷಣ ಪೈಪ್ ತಂದು ನೀರು ಬಿಟ್ಟರು, ಮಗುವನ್ನು ಆಚೆ ಕಳಿಸಿದರು. ಉಳಿದ ಶೀಟುಗಳನ್ನು ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿದರು. "ಟವೆಲ್ ಕಟ್ಕೊಂಡಿದೀನಲ್ಲ ಸಾರ್" ಅಂದ ಒಬ್ಬ ಹುಡುಗ. ಟವೆಲ್ ಸಾಲದಪ್ಪಾ, ಆ ಎಳೆ ಅದರೊಳಗಿಂದಲೂ ನುಗ್ಗುತ್ತದೆ ಅಂದೆ.

ಚೂರುಗಳನ್ನು ಎಲ್ಲಿ ಹಾಕೋದು ಅಂತ ಕೇಳಲು ಕಚೇರಿಯೊಂದಕ್ಕೆ ಫೋನ್ ಮಾಡಿದರೆ, ಮಾಮೂಲಿ ಇಟ್ಟಿಗೆ ಮಣ್ಣಿನ ಜೊತೆ ಹಾಕಿಬಿಡಿ ಅಂದರು. ಆ ರಾಶಿ ಈಗಲೂ ರಸ್ತೆ ಬದಿಯಲ್ಲಿ ಟಾರ್ಪಾಲಿನ ಕೆಳಗಿದೆ.